“ಅಣ್ಣಾ, ರಾತ್ರಿ ನಿದ್ದೆ ಆಯ್ತಾ?”

(ಕಾಫಿ ತೋಟಗಳಿಗೆ ಹೊರಡುವ ಕುಟುಂಬಗಳಿಗಾಗಿ ಹಿಂದೂಪುರದಲ್ಲಿಯೂ ಆಮೇಲೆ ಕಲ್ಯಾಣದುರ್ಗದಲ್ಲಿಯೂ ಸೇರಿದ ಕೂಟಗಳಲ್ಲಿ ಆಡಿದ ಮಾತು)



ಇನ್ನು ಕೆಲವೇ ದಿನಗಳಲ್ಲಿ ತೋಟಗಳಲ್ಲಿ ಕಾಫಿ ಹಣ್ಣಾಗುತ್ತದೆ. ಮೇಸ್ತ್ರಿಗಳು ಬಂದು ಹೆಸರು ಬರೆದುಕೊಂಡು ಹೋಗಿದ್ದಾರೆ. ನಿಮ್ಮಲ್ಲಿ ಕೆಲವರು ಮುಂಗಡವನ್ನೂ ತೆಗೆದುಕೊಂಡಿದ್ದೀರಿ. ಹಾಸಿಗೆ, ಪಾತ್ರೆ, ಅಕ್ಕಿ ಮೂಟೆ ಎಲ್ಲವನ್ನೂ ಕಟ್ಟಿಡುವ ಕೆಲಸ ನಡೆದಿದೆ. ವರ್ಷವೆಲ್ಲ ಲೈನ್ ಮನೆಯಲ್ಲೇ ಇರುವ ಕುಟುಂಬದವರೂ ಇಲ್ಲಿ ಇದ್ದೀರಿ. ನೀವು ಕೂಡ ಹಬ್ಬಕ್ಕೆ, ಮದುವೆಗೆ, ಮಣ್ಣಿಗೆ ಎಂದು ಊರಿಗೂ ತೋಟಕ್ಕೂ ಓಡಾಡುವವರೇ. ಆದಕಾರಣ ಈ ದಿನ ನಾನು ಆಡುವ ಮಾತು ತೋಟದ ಕೆಲಸದ ವಿಷಯವಲ್ಲ, ತೋಟಕ್ಕೆ ಹೋಗುವ ದಾರಿಯ ವಿಷಯ.

ಕೂಲಿಯ ಬಗ್ಗೆ ನಾವು ಮೇಸ್ತ್ರಿಯೊಡನೆ ಚೌಕಾಸಿ ಮಾಡುತ್ತೇವೆ. ಮನೆ ಸೋರುತ್ತದೆಯೋ, ನೀರು ಹತ್ತಿರವಿದೆಯೋ ಎಂದು ಕೇಳುತ್ತೇವೆ. ಆದರೆ ಗಾಡಿಯ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಯಾವ ಗಾಡಿ ಬಂದರೆ ಅದು, ಯಾವ ಹೊತ್ತಿಗೆ ಬಂದರೆ ಆ ಹೊತ್ತು. ಹತ್ತಿ ಕುಳಿತು, ಕಣ್ಣು ಮುಚ್ಚಿ, ತೋಟದ ಗೇಟಿನ ಹತ್ತಿರ ಕಣ್ಣು ಬಿಡುತ್ತೇವೆ. ಎಲ್ಲರೂ ಕಣ್ಣು ಬಿಡುತ್ತೇವೆ ಎಂದು ಯಾರು ಹೇಳಿದರು?

ನಾನು ಉಪದೇಶ ಮಾಡುವುದಕ್ಕೆ ನಿಂತಿಲ್ಲ. ನಾನು ಮಾಡಿದ ತಪ್ಪನ್ನು ಹೇಳುವುದಕ್ಕೆ ನಿಂತಿದ್ದೇನೆ.

ನಾನು ಮೊದಲು ಹಿಂದೂಪುರದ ಲಾರಿಯೊಂದರಲ್ಲಿ ಕ್ಲೀನರ್ ಆಗಿದ್ದೆ. ಹುಣಸೆಹಣ್ಣು, ಬೆಲ್ಲದ ಲೋಡುಗಳಲ್ಲಿ ಓಡಾಡಿ ಕೆಲಸ ಕಲಿತು ಡ್ರೈವರ್ ಆದೆ. ಒಂದು ವರ್ಷ ಕೊಯ್ಲಿನ ಕಾಲಕ್ಕೆ ಒಬ್ಬ ಮೇಸ್ತ್ರಿ, ಆಳುಗಳನ್ನು ಚಿಕ್ಕಮಗಳೂರಿನ ಕಡೆಗೆ ಬಿಟ್ಟು ಬಾ ಎಂದರು. ಹಿಂದಿನ ರಾತ್ರಿ ಬೇರೆ ಲೋಡು ಇಳಿಸಿ ಬೆಳಗಿನ ಜಾವಕ್ಕೆ ಊರು ಸೇರಿದ್ದೆ. ಹಗಲು ಗಾಡಿಯ ಪಟ್ಟೆ ರಿಪೇರಿ ಇತ್ತು, ಮಲಗಲಿಲ್ಲ. ರಾತ್ರಿ ಹತ್ತು ಗಂಟೆಗೆ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಹತ್ತಿಸಿಕೊಂಡು ಹೊರಟೆ. ಬಾಡಿಗೆ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಒಂದು ರಾತ್ರಿ ತಾನೇ, ತಡೆಯಬಹುದು ಎಂಬ ಜಂಬವೂ ಇತ್ತು.

ಮಡಕಶಿರಾದಲ್ಲಿ ಟೀ ಕುಡಿದೆ. ಮುಖ ತೊಳೆದುಕೊಂಡೆ. ಕಿಟಕಿ ತೆರೆದೆ, ಹಾಡು ಹಾಕಿದೆ. ಶಿರಾ ದಾಟಿದ್ದು ನೆನಪಿದೆ. ಅಲ್ಲಿಂದ ಮುಂದಿನ ದಾರಿ ನೆನಪಿಲ್ಲ. ಮತ್ತೆ ನೆನಪಿರುವುದು ಗಾಡಿ ಕುಲುಕಾಡಿದ್ದು, ಹೆಂಗಸರ ಕೂಗು, ಎದುರಿನ ಗಾಜಿನಲ್ಲಿ ಕಡಲೆಕಾಯಿ ಹೊಲ. ರಸ್ತೆ ಬಿಟ್ಟು ಹೊಲಕ್ಕೆ ಇಳಿದಿದ್ದೆ. ಎದುರಿಗೆ ಮರ ಇರಲಿಲ್ಲ, ಬಾವಿ ಇರಲಿಲ್ಲ, ಲಾರಿ ಇರಲಿಲ್ಲ. ಯಾರೂ ಸಾಯಲಿಲ್ಲ. ಅದು ದೇವರ ಕರುಣೆ, ನನ್ನ ಜಾಣತನವಲ್ಲ.

ಆದರೆ ಒಬ್ಬ ಅಜ್ಜಿಯ ಮೇಲೆ ಅಕ್ಕಿ ಮೂಟೆಯೂ ಒರಳುಕಲ್ಲೂ ಬಿದ್ದು ಬಲಗೈ ಮುರಿಯಿತು. ಹಣ್ಣು ಕೊಯ್ಯುವುದರಲ್ಲಿ ಹುಡುಗಿಯರನ್ನೇ ಹಿಂದೆ ಹಾಕುತ್ತಿದ್ದ ಕೈ ಅದು. ಮೂಳೆ ಕೂಡಿತು, ಬೆರಳು ಕೂಡಿ ಬರಲಿಲ್ಲ. ಆಮೇಲೆ ಅವರು ಲೈನ್ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡು ಉಳಿದರು. ಮುಂದಿನ ವರ್ಷ ನಾನು ಹೋಗಿ ಕಾಲು ಹಿಡಿದೆ. ಅವರು ಬೈಯಲಿಲ್ಲ. “ಮಗಾ, ಮಡಕಶಿರಾದ ಟೀ ಅಂಗಡಿಯಲ್ಲೇ ನಿನ್ನ ಕಣ್ಣು ನೋಡಿದ್ದೆ. ಕೆಂಡದ ಹಾಗಿತ್ತು. ರಾತ್ರಿ ನಿದ್ದೆ ಆಯ್ತಾ ಅಂತ ಕೇಳೋಣ ಅಂತ ಬಾಯಿಗೆ ಬಂತು. ಡ್ರೈವರಿಗೆ ನಾನು ಹೇಳೋದಾ ಅಂತ ಸುಮ್ಮನಾದೆ,” ಎಂದರು.

ಆ ಮಾತು ನನ್ನನ್ನು ಬಿಟ್ಟಿಲ್ಲ. ಗಾಡಿಯಲ್ಲಿ ಇಪ್ಪತ್ತು ಮಂದಿ ಇದ್ದರು. ಒಬ್ಬರಿಗೆ ಗೊತ್ತಿತ್ತು. ಆ ಒಬ್ಬರಿಗೆ ಕೇಳುವ ಧೈರ್ಯ ಬರಲಿಲ್ಲ. ಅವರು ಕೇಳಿದ್ದರೆ ನಾನೇನು ಹೇಳುತ್ತಿದ್ದೆ? ಮೊದಲು ಸಿಡುಕುತ್ತಿದ್ದೆ. ಆಮೇಲೆ, ಸುಳ್ಳು ಹೇಳಲಾರೆ, ಒಳಗೊಳಗೇ ಬದುಕಿದೆ ಎನ್ನಿಸುತ್ತಿತ್ತು. ಗಾಡಿ ನಿಲ್ಲಿಸಲು ನನಗೊಂದು ನೆಪ ಸಿಗುತ್ತಿತ್ತು.

ಇದು ನನ್ನೊಬ್ಬನ ಕಥೆಯಲ್ಲ. ನಮ್ಮ ಸುತ್ತಮುತ್ತಲಿನ ರಸ್ತೆಗಳಲ್ಲೇ ಆದದ್ದನ್ನು ನೆನಪು ಮಾಡಿಕೊಳ್ಳಿ. 2022ರ ಆಗಸ್ಟ್ 25ರ ಬೆಳಗಿನ ಜಾವ ಶಿರಾ ತಾಲೂಕಿನಲ್ಲಿ ಕ್ರೂಸರ್ ಗಾಡಿಯೊಂದು ಲಾರಿಗೆ ತಾಗಿ 9 ಮಂದಿ ಸತ್ತರು. ರಾಯಚೂರಿನ ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ಬಡವರು, ಜೊತೆಯಲ್ಲಿ ಮಕ್ಕಳು. ಆ ಒಂದು ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿದ್ದರು. 2023ರ ಅಕ್ಟೋಬರ್ 26ರಂದು, ದಸರಾ ಹಬ್ಬ ಮುಗಿದ ಎರಡನೆಯ ದಿನ, ಬಾಗೇಪಲ್ಲಿ ಕಡೆಯಿಂದ ಬಂದ ಸುಮೋ ಗಾಡಿ ಚಿಕ್ಕಬಳ್ಳಾಪುರದ ಹತ್ತಿರ ದಟ್ಟ ಮಂಜಿನಲ್ಲಿ ನಿಂತಿದ್ದ ಟ್ಯಾಂಕರ್ ಲಾರಿಗೆ ಹೊಡೆದು 13 ಮಂದಿ ಸತ್ತರು. 2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿನಲ್ಲಿ ದೇವರ ದರ್ಶನ ಮುಗಿಸಿ ಬರುತ್ತಿದ್ದ ಟೆಂಪೋ ಟ್ರಾವೆಲರ್ ನಿಂತಿದ್ದ ಲಾರಿಗೆ ಹೊಡೆಯಿತು. ಅಲ್ಲಿಯೂ 13 ಮಂದಿ. ಅದೇ ವರ್ಷದ ಡಿಸೆಂಬರ್ 21ರ ಬೆಳಗಿನ ಜಾವ ನಮ್ಮ ಮಡಕಶಿರಾದ ಬಳಿಯ ಬುಳ್ಳಸಮುದ್ರದಲ್ಲಿ, ತಿರುಮಲದಿಂದ ಮರಳುತ್ತಿದ್ದವರ ಗಾಡಿ ನಿಂತ ಲಾರಿಗೆ ತಗುಲಿ ನಾಲ್ವರು ಹೋದರು. ಅವರು ಮನೆಗೆ ಮರಳುವ ದಾರಿಯಲ್ಲಿದ್ದರು.

ಆ ಡ್ರೈವರುಗಳನ್ನು ನಾನು ದೂರುವುದಿಲ್ಲ. ಒಂದೊಂದಕ್ಕೂ ಒಂದೊಂದು ಕಾರಣವಿದ್ದೀತು. ಆದರೆ ಹೊತ್ತನ್ನು ಗಮನಿಸಿ. ನಾಲ್ಕೂ ನಡುರಾತ್ರಿಗೂ ಬೆಳಗಿಗೂ ನಡುವೆ, ಇಲ್ಲವೆ ಬೆಳಗಿನ ಮಂಜಿನಲ್ಲಿ ಆದವು. ಮೂರರಲ್ಲಿ ಎದುರಿಗಿದ್ದದ್ದು ಓಡುವ ಗಾಡಿಯೇ ಅಲ್ಲ, ನಿಂತ ಗಾಡಿ.

ನಿದ್ದೆ ಎಂದರೆ ಸೋಮಾರಿತನ ಎಂದು ನಾವು ತಿಳಿದಿದ್ದೇವೆ. ಅದು ತಪ್ಪು. ಹಸಿವಿನ ಹಾಗೆ ಅದು ಶರೀರದ ಸಾಲ. ಕೊಡದಿದ್ದರೆ ತಾನೇ ಕಿತ್ತುಕೊಳ್ಳುತ್ತದೆ. ಪೌಲನು ನಡುರಾತ್ರಿಯವರೆಗೆ ಮಾತನಾಡುತ್ತಿದ್ದಾಗ ಕಿಟಕಿಯಲ್ಲಿ ಕುಳಿತ ಯೂತಿಖನೆಂಬ ಯುವಕನು ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದದ್ದನ್ನು ನೀವು ಕೇಳಿದ್ದೀರಿ. ಅವನು ಕೆಟ್ಟವನಾಗಿರಲಿಲ್ಲ, ದಣಿದಿದ್ದನು. ಕುಳಿತ ಜಾಗ ಮಾತ್ರ ನಿದ್ದೆಗೆ ತಕ್ಕದ್ದಾಗಿರಲಿಲ್ಲ. ಸ್ಟೇರಿಂಗಿನ ಹಿಂದಿನ ಸೀಟೂ ಅಂಥದೇ ಕಿಟಕಿ.

ಮನುಷ್ಯನ ಮೈಗೆ ಒಂದು ಗಡಿಯಾರವಿದೆ. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಅದು ಮಲಗು ಎಂದು ಎಳೆಯುತ್ತದೆ. ಮಧ್ಯಾಹ್ನ ಊಟದ ನಂತರ ಎರಡರಿಂದ ನಾಲ್ಕರವರೆಗೆ ಇನ್ನೊಮ್ಮೆ ಎಳೆಯುತ್ತದೆ. ಹದಿನೇಳು ಗಂಟೆ ಎಚ್ಚರವಿದ್ದವನ ಕೈ ಕಣ್ಣುಗಳು ಕುಡಿದವನ ಹಾಗೆಯೇ ನಿಧಾನವಾಗುತ್ತವೆ ಎಂದು ವಿಜ್ಞಾನಿಗಳು ಪರೀಕ್ಷೆ ಮಾಡಿ ಕಂಡಿದ್ದಾರೆ. ನಮ್ಮ ದೇಶದ ಕಾನೂನು ಡ್ರೈವರಿಗೆ ಇಟ್ಟಿರುವ ಮದ್ಯದ ಮಿತಿಗಿಂತ ಅದು ಹೆಚ್ಚಿನ ಅಮಲು. ಕುಡಿದ ಡ್ರೈವರಿನ ಗಾಡಿಯನ್ನು ನೀವು ಹತ್ತುವುದಿಲ್ಲ. ಮಲಗದ ಡ್ರೈವರಿನ ಗಾಡಿಯನ್ನು ಹತ್ತುತ್ತೀರಿ. ಅವನ ಬಾಯಲ್ಲಿ ವಾಸನೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ರೆಪ್ಪೆ ಮುಚ್ಚಿದ ನಿದ್ದೆ ನಾಲ್ಕು ಸೆಕೆಂಡು ಎಂದು ಇಟ್ಟುಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡಿನಲ್ಲಿ ಸುಮಾರು 90 ಮೀಟರ್. ಕಾಫಿ ಒಣಗಿಸುವ ದೊಡ್ಡ ಕಣದ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಕಟ್ಟಿಕೊಂಡು ಓಡಿದ ಹಾಗೆ. ಹಿಂದೆ ದೀಪವಿಲ್ಲದೆ ನಿಂತ ಲಾರಿ ಆ 90 ಮೀಟರಿನೊಳಗೆ ಇದ್ದರೆ ಬ್ರೇಕಿಗೆ ಕಾಲು ಹೋಗುವ ಮೊದಲೇ ಎಲ್ಲವೂ ಮುಗಿದಿರುತ್ತದೆ.

ನಾನು ಮಾಡಿದ ಉಪಾಯಗಳು ಏಕೆ ನಡೆಯಲಿಲ್ಲ? ತಣ್ಣೀರು, ಗಾಳಿ, ಹಾಡು ಇವು ನಿದ್ದೆಯನ್ನು ತೀರಿಸುವುದಿಲ್ಲ, ಕೆಲವು ನಿಮಿಷ ಮುಂದಕ್ಕೆ ತಳ್ಳುತ್ತವೆ. ನಾವು ಕೊಯ್ಯುವ ಕಾಫಿಗೆ ಸ್ವಲ್ಪ ಶಕ್ತಿ ಇದೆ. ಆದರೆ ಕುಡಿದ ಮೇಲೆ ಅದು ಮೈಗೆ ಹತ್ತಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಆದಕಾರಣ ಬುದ್ಧಿವಂತ ಡ್ರೈವರು ಒಂದು ಲೋಟ ಕಾಫಿ ಕುಡಿದು, ಗಾಡಿಯನ್ನು ಬಂಕಿನಲ್ಲಿಯೋ ಡಾಬಾದ ಅಂಗಳದಲ್ಲಿಯೋ ನಿಲ್ಲಿಸಿ, ಇಪ್ಪತ್ತು ನಿಮಿಷ ಮಲಗುತ್ತಾನೆ. ಏಳುವ ಹೊತ್ತಿಗೆ ಎರಡೂ ಸೇರಿ ಕೆಲಸ ಮಾಡುತ್ತವೆ. ಆದರೂ ಇದು ಒಂದೆರಡು ಗಂಟೆಯ ಸಹಾಯ ಮಾತ್ರ. ಪೂರ್ತಿ ರಾತ್ರಿಯ ನಿದ್ದೆಗೆ ಬದಲಿ ಯಾವುದೂ ಇಲ್ಲ. ಶೀತ, ಕೆಮ್ಮಿಗೆ ಕೊಡುವ ಕೆಲವು ಔಷಧಿಗಳೂ ವಾಂತಿಯ ಕೆಲವು ಮಾತ್ರೆಗಳೂ ಮಂಪರು ತರುತ್ತವೆ. ಡ್ರೈವರಿಗೆ ಪ್ರೀತಿಯಿಂದ ಮಾತ್ರೆ ಕೊಡುವ ತಾಯಂದಿರು ಇದನ್ನು ನೆನಪಿಡಿ.

ಈಗ ನಾವು ಏನು ಮಾಡಬೇಕು?

ಮೊದಲನೆಯದು, ಹೊರಡುವ ಹೊತ್ತು. ಹಿಂದೂಪುರದಿಂದ ಚಿಕ್ಕಮಗಳೂರಿನ ಕಡೆಗೆ ಹಗಲು ಹೊತ್ತಿನಲ್ಲೇ ಮುಗಿಯುವ ದಾರಿ ಅದು. ಕಲ್ಯಾಣದುರ್ಗದವರು ಹಿರಿಯೂರಿನ ಮೇಲೆ ಹೋದರೂ ಅಷ್ಟೇ. ಬೆಳಗ್ಗೆ ಬೆಳಕು ಹರಿದ ಮೇಲೆ ಹೊರಟರೆ ಸಂಜೆಗೆ ಮೊದಲು ಲೈನ್ ಸೇರಬಹುದು. ರಾತ್ರಿ ಹೊರಟರೆ ಒಂದು ದಿನದ ಹಾಜರಿ ಉಳಿಯುತ್ತದೆ ಎಂದು ಮೇಸ್ತ್ರಿ ಹೇಳುತ್ತಾರೆ. ಒಂದು ಹಾಜರಿಗೆ ಎಷ್ಟು ರೂಪಾಯಿ ಎಂದು ನಮಗೆ ಗೊತ್ತು. ಅಜ್ಜಿಯ ಬಲಗೈಗೆ ಎಷ್ಟು ಹಾಜರಿ ಎಂದು ಲೆಕ್ಕ ಹಾಕಿ. ಚಳಿಗಾಲದಲ್ಲಿ ಮಂಜು ಬಿದ್ದಿದ್ದರೆ ಹೊತ್ತೇರುವ ತನಕ ಕಾಯಿರಿ. ಮಂಜಿನೊಳಗೆ ಸಿಕ್ಕಿಕೊಂಡರೆ ಡಿಮ್ ದೀಪ ಹಾಕಿಕೊಂಡು ನಿಧಾನವಾಗಿ ಹೋಗಿ, ರಸ್ತೆಯಿಂದ ಪೂರ್ತಿ ಹೊರಗಿರುವ ಜಾಗ ಸಿಕ್ಕ ಕೂಡಲೇ ನಿಲ್ಲಿಸಿರಿ.

ಎರಡನೆಯದು, ಆ ಪ್ರಶ್ನೆ. ಗಾಡಿ ಹತ್ತುವ ಮುಂಚೆ ನಮ್ಮಲ್ಲಿ ಹಿರಿಯರೊಬ್ಬರು ಡ್ರೈವರಿನ ಹತ್ತಿರ ಹೋಗಿ ನಗುನಗುತ್ತಾ ಕೇಳಬೇಕು: “ಅಣ್ಣಾ, ರಾತ್ರಿ ನಿದ್ದೆ ಆಯ್ತಾ? ಊಟ ಆಯ್ತಾ?” ಇದು ಪೊಲೀಸರ ಪ್ರಶ್ನೆಯಲ್ಲ, ಮನೆಯವರ ಪ್ರಶ್ನೆ. ಅವನೂ ಯಾರದೋ ಮಗ, ಅವನೂ ಕೂಲಿಯವನೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯಲ್ಲೇ ದಿನಕ್ಕೆ 8 ಗಂಟೆ ಕೆಲಸ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು ಬರೆದಿದ್ದರು. ಬರೆದವರಿಗೆ ಗೊತ್ತಿತ್ತು. ಎರಡು ಪಾಳಿಯ ಕೆಲಸವನ್ನು ಒಬ್ಬನ ಕೈಯಲ್ಲಿ ಮಾಡಿಸುವವರು ಮರೆತಿದ್ದಾರೆ. ಅವನ ನಿದ್ದೆಯನ್ನು ಕೇಳುವುದು ಅವನನ್ನು ಅವಮಾನ ಮಾಡಿದ ಹಾಗಲ್ಲ, ಅವನ ಪರವಾಗಿ ಮಾತನಾಡಿದ ಹಾಗೆ. ಇಲ್ಲ, ಮಲಗಿಲ್ಲ ಎಂದರೆ ಚಾಪೆ ಹಾಸಿ ಕೊಡಿ. ನಾವು ಹೊರಡುವುದು ತಡವಾಗಲಿ.

ಡ್ರೈವರಿನ ಪಕ್ಕದ ಸೀಟಿನಲ್ಲಿ ಎಚ್ಚರವಾಗಿರುವವರು ಒಬ್ಬರು ಕುಳಿತುಕೊಳ್ಳಬೇಕು. ಎರಡು ಗಂಟೆಗೊಮ್ಮೆ ಆ ಜಾಗಕ್ಕೆ ಬೇರೆಯವರು ಬರಲಿ. ಅವರ ಕೆಲಸ ಹರಟೆ ಹೊಡೆಯುವುದಲ್ಲ, ನೋಡುವುದು. ಮೇಲಿಂದ ಮೇಲೆ ಆಕಳಿಸುತ್ತಿದ್ದಾನೆಯೇ, ತಲೆ ತೂಗುತ್ತಿದೆಯೇ, ಗಾಡಿ ಗೆರೆ ದಾಟಿ ಅತ್ತಿತ್ತ ಹೋಗುತ್ತಿದೆಯೇ, ಆಗ ತಾನೇ ದಾಟಿದ ಊರು ಯಾವುದು ಎಂದರೆ ತಡವರಿಸುತ್ತಾನೆಯೇ, ಫೋನು ಕಿವಿಗೆ ಇಟ್ಟಿದ್ದಾನೆಯೇ? ಒಂದು ಗುರುತು ಕಂಡರೂ ಸಾಕು. “ಅಣ್ಣಾ, ಮಗುವಿಗೆ ಇಳಿಯಬೇಕಂತೆ, ಸ್ವಲ್ಪ ನಿಲ್ಲಿಸಿ” ಎನ್ನಿ. ಮಗುವಿನ ಹೆಸರಿಗೆ ನಿಲ್ಲದ ಡ್ರೈವರನ್ನು ನಾನು ಕಂಡಿಲ್ಲ.

ಮೂರನೆಯದು, ಗಾಡಿಯ ಒಳಗೆ. ಅಮೆರಿಕ, ಯೂರೋಪು ದೇಶಗಳಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಒಳಗೊಂಡ ಮನೆಗಾಡಿಗಳಿವೆ. ಕೆಲಸದಿಂದ ನಿವೃತ್ತರಾದ ಗಂಡಹೆಂಡಿರು ಅದರಲ್ಲಿ ತಿಂಗಳುಗಟ್ಟಲೆ ಊರೂರು ಸುತ್ತುತ್ತಾರೆ. ಅವರದು ವಿನೋದದ ಪ್ರಯಾಣ, ನಮ್ಮದು ಹೊಟ್ಟೆಪಾಡಿನದು. ಆದರೂ ಯೋಚಿಸಿ ನೋಡಿ, ಪಾತ್ರೆ, ಹಾಸಿಗೆ, ಸ್ಟೌವು, ಕೋಳಿ, ಮಕ್ಕಳು ಎಲ್ಲವನ್ನೂ ತುಂಬಿಕೊಂಡ ನಮ್ಮ ಟೆಂಪೋ ಕೂಡ ಒಂದು ರಾತ್ರಿಯ ಮಟ್ಟಿಗೆ ಮನೆಗಾಡಿಯೇ. ಅವರು ಪಾಲಿಸುವ ನಿಯಮಗಳು ನಮಗೂ ಬೇಕಾದವೇ. ಗಾಡಿ ಓಡುವಾಗ ಎಲ್ಲರೂ ಕುಳಿತಿರಬೇಕು, ಬೆಲ್ಟ್ ಇದ್ದ ಕಡೆ ಕಟ್ಟಿಕೊಂಡಿರಬೇಕು. ಭಾರದ ವಸ್ತು ಕೆಳಗೆ, ಹಗುರವಾದದ್ದು ಮೇಲೆ, ಎರಡನ್ನೂ ಹಗ್ಗದಿಂದ ಬಿಗಿಯಬೇಕು. ಬ್ರೇಕ್ ಒತ್ತಿದರೆ ಗಾಡಿ ನಿಲ್ಲುತ್ತದೆ, ಒರಳುಕಲ್ಲು ನಿಲ್ಲುವುದಿಲ್ಲ. ಅದು ಅದೇ ವೇಗದಲ್ಲಿ ಮುಂದೆ ಬರುತ್ತದೆ. ನನ್ನ ಗಾಡಿಯಲ್ಲಿ ಅಜ್ಜಿಯ ಕೈ ಮುರಿದದ್ದು ಹೊಲದಿಂದಲ್ಲ, ಕಟ್ಟದೆ ಬಿಟ್ಟ ಆ ಕಲ್ಲಿನಿಂದ.

ಗ್ಯಾಸ್ ಸಿಲಿಂಡರ್ ಒಯ್ಯಲೇಬೇಕಾದರೆ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ನೇರವಾಗಿ ನಿಲ್ಲಿಸಿ ಕಟ್ಟಿರಿ. ಹತ್ತಿರ ಯಾರೂ ಬೀಡಿ ಹಚ್ಚಬಾರದು. ಅಡುಗೆಯನ್ನು ಇಳಿದು ಬಯಲಿನಲ್ಲಿ ಮಾಡಿರಿ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಮಲೆನಾಡಿನ ಚಳಿಗೆ ಹೆದರಿ, ಮುಚ್ಚಿದ ಗಾಡಿಯೊಳಗೆ ಬಾಣಲೆಯಲ್ಲಿ ಕೆಂಡ ಇಟ್ಟುಕೊಂಡು ಎಂದಿಗೂ ಮಲಗಬೇಡಿ. ಕೆಂಡದಿಂದ ಒಂದು ವಿಷದ ಗಾಳಿ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಬಂದಂತಾಗಿ, ಮಂಪರು ಹಿಡಿದು, ಮಲಗಿದವರು ಏಳುವುದೇ ಇಲ್ಲ. ಲೈನ್ ಮನೆಯ ಮುಚ್ಚಿದ ಕೋಣೆಗೂ ಇದೇ ಮಾತು. ಗ್ಯಾರೇಜಿನಲ್ಲಿ, ಶೆಡ್ಡಿನಲ್ಲಿ ಇಂಜಿನ್ ಓಡಿಸಿಕೊಂಡು ಗಾಜು ಏರಿಸಿ ಮಲಗುವುದೂ ಅಷ್ಟೇ ಅಪಾಯ.

ನಾಲ್ಕನೆಯದು, ನಿಲ್ಲಿಸುವ ಬಗೆ. ನಾವು ಇನ್ನೊಬ್ಬರಿಗೆ ನಿಂತ ಲಾರಿ ಆಗಬಾರದು. ಟೈರ್ ಪಂಕ್ಚರ್ ಆದರೆ ಆದಷ್ಟು ಮಟ್ಟಿಗೆ ರಸ್ತೆ ಬಿಟ್ಟು ಎಡಕ್ಕೆ ಇಳಿಸಬೇಕು. ನಾಲ್ಕೂ ಮಿಣುಕು ದೀಪ ಹಾಕಿ, ಕೆಂಪು ತ್ರಿಕೋನದ ಫಲಕವನ್ನು ಐವತ್ತು ಹೆಜ್ಜೆಗಿಂತ ಇನ್ನೂ ಹಿಂದೆ ಇಡಬೇಕು. ಫಲಕ ಇಲ್ಲದಿದ್ದರೆ ಸೊಪ್ಪಿನ ಕೊಂಬೆ ಹಾಕಿ. ಕಲ್ಲು ಇಟ್ಟವರು ಹೊರಡುವಾಗ ತೆಗೆದು ಹೋಗಿ. ನಮಗೆ ಕಾವಲಾದ ಕಲ್ಲು ಹಿಂದಿನ ಬೈಕಿನವನಿಗೆ ಯಮನಾಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿಯೊಳಗೆ ಯಾರೂ ಕುಳಿತಿರಬಾರದು. ಮಕ್ಕಳನ್ನು ಎತ್ತಿಕೊಂಡು, ಹೆದ್ದಾರಿಯ ಎಡಗಡೆ ಕಂಬಿಯ ಆಚೆ, ಗಾಡಿಗಿಂತ ದೂರಕ್ಕೆ ಹೋಗಿ ನಿಲ್ಲಿ. ಗಾಡಿಯ ಹಿಂದೆ ನಿಂತು ಟಾರ್ಚ್ ಹಿಡಿಯಬೇಡಿ. ನೆರಳಿದೆ ಎಂದು ಗಾಡಿಯ ಕೆಳಗೆ ಮಲಗಬೇಡಿ. ಘಟ್ಟದ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವನನ್ನು ಕಂಡರೆ ತಡೆಯಿರಿ. ಏರುವ ಗೇರಿನಲ್ಲೇ ಇಳಿಯಬೇಕೆಂಬುದು ಹಳೆಯ ಡ್ರೈವರುಗಳ ಪಾಠ. ಬ್ರೇಕನ್ನೇ ಒತ್ತುತ್ತಾ ಬಂದರೆ ಅದು ಕಾದು ಕೈ ಕೊಡುತ್ತದೆ.

ಐದನೆಯದು, ಯಾವ ಗಾಡಿ. ಮಾಲು ಸಾಗಿಸುವ ಗಾಡಿಯ ಹಿಂದೆ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ. ಅಷ್ಟೇ ಅಲ್ಲ, 2002ರಲ್ಲಿ ಆಶಾರಾಣಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಾಲಿನ ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡು ಹೋದವರಿಗೆ ವಿಮೆ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಎಂದು ತೀರ್ಪು ಕೊಟ್ಟಿತು. ಆಗ ಉಳಿಯುವುದು ಗಾಡಿಯ ಮಾಲೀಕ. ಅವನ ಹತ್ತಿರ ಏನೂ ಇಲ್ಲದಿದ್ದರೆ ಸತ್ತವರ ಮಕ್ಕಳಿಗೂ ಏನೂ ಇಲ್ಲ. ಆದಕಾರಣ ಪ್ರಯಾಣಿಕರ ಪರ್ಮಿಟ್ ಇದೆಯೇ, ವಿಮೆ ನಡೆಯುತ್ತಿದೆಯೇ, ಎಷ್ಟು ಜನರಿಗೆ ಸೀಟು ಎಂದು ಕೇಳಿರಿ. ಇಲ್ಲವಾದರೆ ಹಗಲಿನ ಸರ್ಕಾರಿ ಬಸ್ಸು ಇದೆ. ಹಿಂದೂಪುರದಲ್ಲಿ ರೈಲು ನಿಲ್ದಾಣವಿದೆ. ಬೆಂಗಳೂರಿಗೆ ಹೋಗಿ ಅಲ್ಲಿಂದ ಕಡೂರಿಗೆ ರೈಲು ಹಿಡಿಯಬಹುದು. 2013ರಿಂದ ಕಡೂರಿನಿಂದ ಚಿಕ್ಕಮಗಳೂರಿಗೂ ಹಳಿ ಇದೆ. ಮೂಟೆ ಹೊರುವ ಕಷ್ಟವಿದೆ, ನಿಜ. ಆದರೆ ಅಷ್ಟು ದಾರಿ ಕಾಲು ಚಾಚಿ ಹೋಗಬಹುದು.

ಖರ್ಚು ಯಾರದು ಎಂದು ಕೇಳುತ್ತೀರಿ. ಬೇರೆ ರಾಜ್ಯಕ್ಕೆ ಹೋಗುವ ಕೂಲಿಯವರ ಹೋಗಿಬರುವ ಖರ್ಚನ್ನು ಕೊಡಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯಲ್ಲಿ ಬರೆದಿತ್ತು. ಅದರ ಜಾಗಕ್ಕೆ ಬಂದಿರುವ 2020ರ ಸಂಹಿತೆಯಲ್ಲಿಯೂ ಪ್ರಯಾಣ ಭತ್ಯೆಯ ಮಾತಿದೆ. ನಿಮ್ಮ ಮಟ್ಟಿಗೆ ಅದು ಹೇಗೆ ಅನ್ವಯಿಸುತ್ತದೆಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಒಳ್ಳೆಯ ಗಾಡಿ ಕೇಳುವುದು ಭಿಕ್ಷೆ ಬೇಡಿದ ಹಾಗಲ್ಲ ಎಂಬುದಷ್ಟು ತಿಳಿದಿರಲಿ.

ಆರನೆಯದು, ಕೆಟ್ಟದ್ದು ಆಗಿಯೇ ಹೋದರೆ. ಆಂಧ್ರದಲ್ಲಿಯೂ ಕರ್ನಾಟಕದಲ್ಲಿಯೂ ಆಂಬುಲೆನ್ಸಿಗೆ 108. ಪೊಲೀಸು ಮತ್ತಿತರ ತುರ್ತಿಗೆ 112. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ಈ ಮೂರು ಸಂಖ್ಯೆಗಳನ್ನು ಶಾಲೆಗೆ ಹೋಗುವ ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಎಲ್ಲಿದ್ದೀರೆಂದು ಹೇಳಲು ಕಿಲೋಮೀಟರ್ ಕಲ್ಲು, ಟೋಲ್ ಗೇಟು, ಊರ ಹೆಸರು ನೋಡುತ್ತಿರಿ. ಮೊದಲ ಒಂದು ಗಂಟೆ ಚಿನ್ನದಂಥದು. ಕುತ್ತಿಗೆ, ಬೆನ್ನಿಗೆ ಏಟು ಬಿದ್ದವರನ್ನು ಬೆಂಕಿಯ ಭಯವಿಲ್ಲದಿದ್ದರೆ ಎಳೆದಾಡಬೇಡಿ. ರಕ್ತ ಸುರಿಯುವ ಕಡೆ ಶುದ್ಧ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಬೇರೆಯವರ ಅಪಘಾತ ಕಂಡರೂ ನಿಲ್ಲಿ. ಸಹಾಯ ಮಾಡಿದವರನ್ನು ಕೇಸಿನಲ್ಲಿ ಸಿಕ್ಕಿಸಬಾರದೆಂದು 2019ರ ತಿದ್ದುಪಡಿಯಲ್ಲಿ ಕಾನೂನೇ ಆಗಿದೆ. 2025ರ ಮೇ ತಿಂಗಳಿನಿಂದ ಕೇಂದ್ರ ಸರ್ಕಾರದ ಯೋಜನೆಯೊಂದು ಬಂದಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ತನಕ, ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಸಿಗಬೇಕು. ದುಡ್ಡಿಲ್ಲ ಎಂದು ಗಾಯಾಳುವನ್ನು ಲೈನಿಗೆ ಕರೆದುಕೊಂಡು ಹೋಗಬೇಡಿ. ಆಸ್ಪತ್ರೆಯಲ್ಲಿ ಈ ಯೋಜನೆಯ ವಿಷಯ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಮುಖದಲ್ಲಿ ಒಂದು ಮಾತು ಕಾಣುತ್ತದೆ. “ಸ್ವಾಮೀ, ಕೂಲಿಯವರ ಮಾತು ಯಾರು ಕೇಳುತ್ತಾರೆ? ಎದುರು ಮಾತಾಡಿದರೆ ಮುಂದಿನ ವರ್ಷ ಹೆಸರು ಬರೆದುಕೊಳ್ಳುವುದಿಲ್ಲ.” ಆ ಹೆದರಿಕೆ ಸುಳ್ಳಲ್ಲ. ಅದೇ ಹೆದರಿಕೆ ಅಜ್ಜಿಯ ಬಾಯಿ ಮುಚ್ಚಿಸಿತು. ಆದಕಾರಣ ಒಬ್ಬೊಬ್ಬರೇ ಹೇಳಬೇಡಿ. ಗಾಡಿ ಹತ್ತಿದ ಮೇಲೆ ಹೇಳಬೇಡಿ. ಹೆಸರು ಬರೆದುಕೊಳ್ಳಲು ಬಂದಾಗಲೇ ಎಲ್ಲರೂ ಸೇರಿ ಮೂರೇ ಮಾತು ಹೇಳಿ: ಹಗಲು ಹೊತ್ತು ಹೊರಡೋಣ, ಜನರ ಗಾಡಿ ತನ್ನಿ, ಮಲಗಿ ಎದ್ದ ಡ್ರೈವರನ್ನು ಕಳಿಸಿ. ಇಪ್ಪತ್ತು ಕುಟುಂಬ ಒಂದೇ ಮಾತು ಹೇಳಿದರೆ ಮೇಸ್ತ್ರಿಗೆ ಬೇರೆ ಇಪ್ಪತ್ತು ಕುಟುಂಬ ಒಂದೇ ದಿನದಲ್ಲಿ ಸಿಗುವುದಿಲ್ಲ. ಅವರಿಗೂ ಆಳು ಸುಖವಾಗಿ ತೋಟ ಮುಟ್ಟಬೇಕು. ಅಪಘಾತವಾದರೆ ಅವರ ಮುಂಗಡವೂ ಹೋಯಿತು, ಕೊಯ್ಲೂ ನಿಂತಿತು. ಈ ಮಾತನ್ನು ಅವರಿಗೆ ಮೃದುವಾಗಿ ಹೇಳಲು ನಮ್ಮಲ್ಲಿ ಹಿರಿಯ ಹೆಂಗಸರಿಗಿಂತ ಜಾಣರು ಯಾರಿದ್ದಾರೆ?

ಹೊರಡುವಾಗ ನಾವು ಪ್ರಾರ್ಥನೆ ಮಾಡುತ್ತೇವೆ. ಮಾಡಲೇಬೇಕು. ಆದರೆ ಪ್ರಾರ್ಥನೆಗೆ ಮುಚ್ಚಿದ ಕಣ್ಣನ್ನು ಆಮೆನ್ ಎಂದ ಮೇಲೆ ತೆರೆಯಬೇಕು. ಟೈರನ್ನು ನೋಡುವುದಕ್ಕೆ, ಹಗ್ಗವನ್ನು ನೋಡುವುದಕ್ಕೆ, ಡ್ರೈವರಿನ ಕಣ್ಣನ್ನು ನೋಡುವುದಕ್ಕೆ ದೇವರು ನಮಗೆ ಕಣ್ಣು ಕೊಟ್ಟಿದ್ದಾನೆ. ಕೇಳುವುದಕ್ಕೆ ಬಾಯಿ ಕೊಟ್ಟಿದ್ದಾನೆ.

ಆ ಅಜ್ಜಿ ಈಗ ಇಲ್ಲ. ಕೈ ಮುರಿದ ಮೇಲೂ ಅವರು ಇದ್ದಷ್ಟು ವರ್ಷ, ಲೈನಿನಿಂದ ಯಾವ ಗಾಡಿ ಊರಿಗೆ ಹೊರಟರೂ ಎಡಗೈಯಲ್ಲಿ ಕಾಫಿಯ ಲೋಟ ಹಿಡಿದು ಡ್ರೈವರಿನ ಬಾಗಿಲಿಗೆ ಹೋಗುತ್ತಿದ್ದರು. ಕಾಫಿ ಕೊಡುವುದು ನೆಪ. ಲೋಟ ಕೊಟ್ಟು, ಮುಖ ನೋಡಿ, ಅಂದು ನನಗೆ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಯನ್ನು ಕೇಳುತ್ತಿದ್ದರು. ಅವರ ಆ ಪ್ರಶ್ನೆಯನ್ನು ಈಗ ನಿಮ್ಮ ಕೈಗೆ ಕೊಡುತ್ತಿದ್ದೇನೆ. ಈ ಸಲ ಗಾಡಿ ಬಂದು ನಿಂತಾಗ ಮೂಟೆ ಏರಿಸುವ ಮುಂಚೆ ಒಬ್ಬರು ಮುಂದೆ ಹೋಗಿ ಕೇಳಿ: “ಅಣ್ಣಾ, ರಾತ್ರಿ ನಿದ್ದೆ ಆಯ್ತಾ?”

ಎಲ್ಲರೂ ಕ್ಷೇಮವಾಗಿ ಹೋಗಿ, ಬಟವಾಡೆ ಮುಗಿಸಿಕೊಂಡು ಕ್ಷೇಮವಾಗಿ ಬನ್ನಿರಿ.